ನಂದಾವರದ ಲಕ್ಷ್ಮಪ್ಪರಸ ಬಂಗ: ಗಡಿ ಬದಲಾವಣೆ ಮತ್ತು 1837ರ ಬಂಡಾಯ

ತುಳುನಾಡಿನ ಜೈನ ಅರಸುಮನೆತನಗಳಲ್ಲಿ ಬಂಗರದು ಪ್ರಮುಖವಾದುದು. ಇಂದಿನ ಬೆಳ್ತಂಗಡಿ ತಾಲೂಕಿನ ಬಂಗಾಡಿಯಲ್ಲಿ ನೆಲೆಗೊಂಡಿದ್ದ ಈ ಮನೆತನವು ಕಾಲಾಂತರದಲ್ಲಿ ಬಂಟ್ವಾಳದ ಸಮೀಪ, ನೇತ್ರಾವತಿಯ ದಡದ ನಂದಾವರದಲ್ಲಿಯೂ ಬೀಡು ಹೊಂದಿತ್ತು. ಅಳಿಯಸಂತಾನದ ಈ ಮನೆತನದಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬರುತ್ತದೆ. ಆದುದರಿಂದ 1837ರ ಲಕ್ಷ್ಮಪ್ಪರಸನನ್ನು ಉಳ್ಳಾಲದ ರಾಣಿ ಅಬ್ಬಕ್ಕನ ಪತಿಯಾಗಿದ್ದ, ಅದೇ ಹೆಸರಿನ ಅರಸನೊಡನೆ ಬೆರೆಸಬಾರದು.

1799ರಲ್ಲಿ ಟಿಪ್ಪುವಿನ ಪತನಾನಂತರ ಕೆನರಾ ಜಿಲ್ಲೆಯು ಕಂಪನಿಯ ವಶವಾಯಿತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾದ. ಹಳೆಯ ಅರಸರಿಗೆ ಆಳ್ವಿಕೆಯ ಹಕ್ಕು ಮರಳಲಿಲ್ಲ. ವಿಟ್ಲದ ಹೆಗ್ಗಡೆ ಪ್ರತಿಭಟಿಸಿ 1800ರಲ್ಲಿ ಪ್ರಾಣ ತೆತ್ತ. ಮೂಡುಬಿದಿರೆಯ ಚೌಟರು ಸರಕಾರದ ವರ್ಷಾಶನ ಪಡೆದು ಅರಮನೆಯಲ್ಲಿ ಉಳಿದರು. ಲಕ್ಷ್ಮಪ್ಪರಸನ ಕಣ್ಣೆದುರಿಗಿದ್ದ ನಿದರ್ಶನಗಳು ಇವು.

ಆತನನ್ನು ಮೊದಲನೆಯದರತ್ತ ಸೆಳೆದುದು ಬಂಗರ ಸೀಮೆಯ ಹೊರಗೆ ನಡೆದ ಒಂದು ಗಡಿ ಬದಲಾವಣೆ. 1834ರಲ್ಲಿ ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಕಂಪನಿಯು ಘಟ್ಟದ ಕೆಳಗಿನ ಅಮರಸುಳ್ಯ, ಪುತ್ತೂರು ಮಾಗಣೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾಕ್ಕೆ ಸೇರಿಸಿತು. ಧಾನ್ಯರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತರು ನಗದು ತೆರಬೇಕಾಯಿತು. ನಕ್ಷೆಯ ಮೇಲಿನ ಗೆರೆಯೊಂದು ಸರಿದಾಗ ಕಣಜದಲ್ಲಿದ್ದ ಭತ್ತವು ಕಂದಾಯವಾಗಿ ಸಲ್ಲದೆ ಹೋಯಿತು ಎಂಬುದೇ ಬಂಡಾಯದ ಮೂಲ. 1837ರ ಮಾರ್ಚ್ ಕೊನೆಯಲ್ಲಿ ಕೆದಂಬಾಡಿ ರಾಮಯ್ಯಗೌಡ ಮೊದಲಾದವರು, ಕೊಡಗಿನ ರಾಜವಂಶದ ಕಲ್ಯಾಣಸ್ವಾಮಿಯೆಂಬ ಹೆಸರಿನಲ್ಲಿ ಪುಟ್ಟಬಸಪ್ಪನನ್ನು ಮುಂದಿಟ್ಟುಕೊಂಡು ದಂಡೆದ್ದರು. ಬೆಳ್ಳಾರೆಯ ಖಜಾನೆ ವಶವಾಯಿತು. ದಂಡು ಪುತ್ತೂರು, ಪಾಣೆಮಂಗಳೂರುಗಳ ಮೂಲಕ ಬಂಟ್ವಾಳಕ್ಕೆ ಬಂದಿತು.

ಲಕ್ಷ್ಮಪ್ಪರಸ ದಂಡನ್ನು ಸೇರಿಕೊಂಡ. ಕಳೆದುಕೊಂಡ ಅರಸೊತ್ತಿಗೆಯ ಆಸೆ ಇದಕ್ಕೆ ಕಾರಣವೆಂದು ಹೇಳಿ ಮುಗಿಸುವುದು ಸುಲಭ. ಆ ಆಸೆ ಇದ್ದಿರಲೂಬಹುದು. ಆದರೆ ಘಟ್ಟದ ಬುಡದ ಗೌಡರ ದಂಡಿಗೆ ಕರಾವಳಿಯ ಬಯಲಿನಲ್ಲಿ ಮಾನ್ಯತೆ ದೊರೆಯಲು ಬಂಗರ ಹೆಸರು ಬೇಕಿತ್ತು ಎಂಬುದೂ ಅಷ್ಟೇ ಮುಖ್ಯ. ಏಪ್ರಿಲ್ 5ರಂದು ಮಂಗಳೂರು ಬಂಡಾಯಗಾರರ ಕೈಸೇರಿತು. ಸುಮಾರು ಹದಿಮೂರು ದಿನಗಳ ಕಾಲ ಕಂಪನಿಯ ಆಡಳಿತ ಅಲ್ಲಿ ನಡೆಯಲಿಲ್ಲ.

ಹೊರಗಿನಿಂದ ಸೇನೆ ಬಂದ ಬಳಿಕ ಸೆರೆ, ವಿಚಾರಣೆ, ಶಿಕ್ಷೆಗಳು ಬೇಗಬೇಗನೆ ನಡೆದವು. ಜನರ ಮಾತಿನಲ್ಲಿಯೂ ಈ ಘಟನೆ ಕಲ್ಯಾಣಪ್ಪನ ಕಾಟಕಾಯಿ, ಎಂದರೆ ಕೊಳ್ಳೆ ಎಂಬ ಅರ್ಥದ ಹೆಸರಿನಿಂದಲೇ ಬಹುಕಾಲ ಉಳಿಯಿತು. ಆಳುವವರ ದೃಷ್ಟಿಯು ಸೋತವರ ನಾಲಗೆಗೂ ಇಳಿದ ಬಗೆಯಿದು. ಹಲವರು ಗಡೀಪಾರಾದರು. ಲಕ್ಷ್ಮಪ್ಪರಸನನ್ನು ಬಂಟ್ವಾಳದಿಂದ ಮಂಗಳೂರಿಗೆ ಹೋಗುವ ದಾರಿಯಲ್ಲಿರುವ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ಪುಟ್ಟಬಸಪ್ಪನನ್ನು ಗಲ್ಲಿಗೇರಿಸಿದುದೂ ಅಲ್ಲಿಯೇ.