ಓದಿ ಊರಿಗೆ ಮರಳಿದ ಡಾಕ್ಟರ್

ಆರನೇ ಸೆಮಿಸ್ಟರ್ ಶುರುವಾದಾಗಿನಿಂದ ನಮ್ಮ ಹಾಸ್ಟೆಲಿನಲ್ಲಿ ಪ್ಲೇಸ್‌ಮೆಂಟ್ ಬಿಟ್ಟು ಬೇರೆ ಮಾತಿಲ್ಲ. ಪ್ಯಾಕೇಜ್ ಎಷ್ಟು, ಬಾಂಡ್ ಎಷ್ಟು ವರ್ಷ, ಬೆಂಗಳೂರಾ ಪುಣೆಯಾ? ಊರ ಕಡೆಯೇ ಕೆಲಸ ಹುಡುಕುತ್ತೇನೆ ಎಂದರೆ ಗೆಳೆಯರು ನಗುತ್ತಾರೆ. ನಾನೂ ಒಮ್ಮೆ ಹಾಗಂದು ನಗೆಪಾಟಲಾಗಿದ್ದೇನೆ.

ಇದೇ ಗಲಾಟೆಯ ನಡುವೆ, ಮಹಿಳಾ ದಿನದ ಭಾಷಣಕ್ಕೆಂದು ಆನಂದಿಬಾಯಿ ಜೋಶಿ ಅವರ ಬಗ್ಗೆ ಓದುತ್ತಿದ್ದೆ. ಅವರು ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಪದವಿ ಪಡೆದದ್ದು 1886ರಲ್ಲಿ. ಅದೇ ವರ್ಷ ಅದೇ ಕಾಲೇಜಿಗೆ ಇನ್ನೊಬ್ಬ ಹುಡುಗಿ ಸೇರಿದ್ದಳು. ಹೆಸರು ಸೂಸನ್ ಲಾ ಫ್ಲೆಶ್. ಮುಂದೆ ಅಮೆರಿಕದ ಮೂಲನಿವಾಸಿಗಳಲ್ಲಿ ವೈದ್ಯಕೀಯ ಪದವಿ ಪಡೆದ ಮೊದಲ ಮಹಿಳೆ ಎನಿಸಿಕೊಂಡವರು ಅವರೇ.

ಒಮಾಹಾ ಎಂದರೆ ವಾರೆನ್ ಬಫೆಟ್ ಅವರ ಊರು ಎಂದಷ್ಟೇ ನನಗೆ ಗೊತ್ತಿತ್ತು. ಅದು ಒಂದು ಬುಡಕಟ್ಟಿನ ಹೆಸರು ಎಂದು ತಿಳಿದದ್ದು ಆಗಲೇ. ಸೂಸನ್ ಹುಟ್ಟಿದ್ದು 1865ರಲ್ಲಿ, ನೆಬ್ರಾಸ್ಕಾದಲ್ಲಿ ಒಮಾಹಾ ಜನರಿಗೆಂದು ಸರ್ಕಾರ ಬಿಟ್ಟುಕೊಟ್ಟಿದ್ದ ಪ್ರದೇಶದಲ್ಲಿ. ಅವರ ತಂದೆ ಆ ಬುಡಕಟ್ಟಿನ ಮುಖಂಡ. ಸೂಸನ್ ಚಿಕ್ಕವರಿದ್ದಾಗ ಒಬ್ಬ ಮುದುಕಿಗೆ ಕಾಯಿಲೆ ಜೋರಾಯಿತು. ಸರ್ಕಾರಿ ವೈದ್ಯರಿಗೆ ನಾಲ್ಕು ಬಾರಿ ಹೇಳಿ ಕಳುಹಿಸಿದರೂ ಆತ ಬರಲೇ ಇಲ್ಲ. ಬೆಳಗಾಗುವಷ್ಟರಲ್ಲಿ ಮುದುಕಿ ತೀರಿಕೊಂಡಳು. ಅದನ್ನು ಕಂಡ ಹುಡುಗಿ ಜೀವನಪೂರ್ತಿ ಮರೆಯಲಿಲ್ಲ.

ಆದರೆ ಡಾಕ್ಟರ್ ಆಗಲು ಆಸೆಯೊಂದೇ ಸಾಕೇ? ವರ್ಜೀನಿಯಾದ ಹ್ಯಾಂಪ್ಟನ್ ಸಂಸ್ಥೆ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗೆಂದು ಶುರುವಾದ ಶಾಲೆ. 1878ರಿಂದ ಮೂಲನಿವಾಸಿ ಮಕ್ಕಳನ್ನೂ ಸೇರಿಸಿಕೊಳ್ಳುತ್ತಿತ್ತು. ಅಲ್ಲಿ ಓದಿನ ಜೊತೆ ಕೈಕೆಲಸ, ಹುಡುಗಿಯರಿಗೆ ಹೊಲಿಗೆ, ಮನೆಕೆಲಸ. ಮಕ್ಕಳಿಂದ ಅವರ ರೀತಿನೀತಿಗಳನ್ನು ಬಿಡಿಸುವುದೂ ಅದರ ಉದ್ದೇಶವಾಗಿತ್ತು. ಅದನ್ನು ಓದುವಾಗ ನನಗೆ ಕಸಿವಿಸಿಯಾಯಿತು. ಆದರೂ ಸೂಸನ್‌ಗೆ ಮುಂದಿನ ದಾರಿ ತೋರಿಸಿದ್ದು ಆ ಶಾಲೆಯ ವೈದ್ಯೆ ಮಾರ್ತಾ ವಾಲ್ಡ್ರನ್. ಅವರೂ ಫಿಲಡೆಲ್ಫಿಯಾದ ಅದೇ ಕಾಲೇಜಿನಲ್ಲಿ ಓದಿದವರು. ಖರ್ಚು ವಹಿಸಿಕೊಂಡದ್ದು ಕನೆಕ್ಟಿಕಟ್ ರಾಜ್ಯದ ಒಂದು ಮಹಿಳಾ ಸಂಘ. ಇದಕ್ಕೂ ಒಂದು ಬಾಂಡ್ ಇತ್ತು: ಓದುವಾಗ, ಓದಿದ ಮೇಲೂ ಕೆಲವು ವರ್ಷ ಮದುವೆಯಾಗಬಾರದು! ಮೆಚ್ಚಿದ ಹುಡುಗನೊಬ್ಬನಿದ್ದರೂ ಸೂಸನ್ ಓದನ್ನೇ ಆರಿಸಿಕೊಂಡರು. 1889ರಲ್ಲಿ 36 ವಿದ್ಯಾರ್ಥಿನಿಯರಲ್ಲಿ ಮೊದಲಿಗರಾಗಿ ಹೊರಬಂದರು.

ಆಮೇಲೆ ಸಿಕ್ಕ ಕೆಲಸ ನೋಡಿ. ತಮ್ಮೂರಿನ ಸರ್ಕಾರಿ ಶಾಲೆಯ ವೈದ್ಯೆ, ವರ್ಷಕ್ಕೆ 500 ಡಾಲರ್. ಕೆಲವೇ ತಿಂಗಳಲ್ಲಿ ದೊಡ್ಡವರೂ ಅವರನ್ನೇ ಹುಡುಕಿ ಬರತೊಡಗಿದರು, ಒಮಾಹಾ ಭಾಷೆಯಲ್ಲೇ ನೋವು ಹೇಳಿಕೊಳ್ಳಬಹುದಲ್ಲ! ಸುಮಾರು 1,200 ಜನಕ್ಕೆ ಅವರೊಬ್ಬರೇ ಡಾಕ್ಟರ್. ಕುದುರೆಯ ಮೇಲೆ, ಕುದುರೆ ಗಾಡಿಯಲ್ಲಿ, ಕೆಲವೊಮ್ಮೆ ನಡೆದೇ ಹಿಮದಲ್ಲಿ ಮನೆಮನೆಗೆ ಹೋಗುತ್ತಿದ್ದರು. ಕಾಗದ ಬರೆದುಕೊಡುವುದು, ಜಮೀನಿನ ತಕರಾರು ಓದಿ ಹೇಳುವುದು ಕೂಡ ಅವರ ಪಾಲಿಗೇ. ಈ ದುಡಿತಕ್ಕೆ ದೇಹ ತಡೆಯಲಿಲ್ಲ, 1893ರಲ್ಲಿ ಆ ಹುದ್ದೆ ಬಿಟ್ಟರು.

ಮರುವರ್ಷ ಹೆನ್ರಿ ಪಿಕಾಟ್ ಅವರನ್ನು ಮದುವೆಯಾದರು, ಇಬ್ಬರು ಗಂಡುಮಕ್ಕಳಾದರು. ಆ ಕಾಲದಲ್ಲಿ ಮದುವೆಯಾದ ಹೆಣ್ಣು ಕೆಲಸ ಬಿಡುವುದೇ ರೂಢಿ. ಇವರು ವೈದ್ಯಕೀಯ ಬಿಡಲಿಲ್ಲ. 1905ರಲ್ಲಿ ಗಂಡ ತೀರಿಕೊಂಡ ಮೇಲೆ ಕ್ಷಯರೋಗದ ವಿರುದ್ಧ ಓಡಾಟ ಇನ್ನೂ ಹೆಚ್ಚಾಯಿತು. ಎಲ್ಲರೂ ಒಂದೇ ಲೋಟದಲ್ಲಿ ನೀರು ಕುಡಿಯಬೇಡಿ, ಕಿಟಕಿಗೆ ನೊಣ ತಡೆಯುವ ಜಾಲರಿ ಹಾಕಿ ಎಂದು ಹೇಳುತ್ತಾ ತಿರುಗಿದರು.

ಬಹುಕಾಲದಿಂದ ಅವರ ಮನಸ್ಸಿನಲ್ಲಿದ್ದದ್ದು ಒಂದು ಆಸ್ಪತ್ರೆ. ಅದಕ್ಕೆ ಸರ್ಕಾರದ ಹಣ ಬರಲಿಲ್ಲ, ದೇಣಿಗೆಯಿಂದಲೇ ಕಟ್ಟಬೇಕಾಯಿತು. 1913ರಲ್ಲಿ ವಾಲ್ಟ್‌ಹಿಲ್ ಎಂಬ ಪುಟ್ಟ ಊರಿನಲ್ಲಿ ಅದರ ಬಾಗಿಲು ತೆರೆಯಿತು. ಎರಡು ವರ್ಷಕ್ಕೆ, 1915ರ ಸೆಪ್ಟೆಂಬರಿನಲ್ಲಿ, ಸೂಸನ್ ತೀರಿಕೊಂಡರು. ಆಗ ಅವರಿಗೆ ಐವತ್ತು ವರ್ಷ. ಕಟ್ಟಡ ಇಂದಿಗೂ ಅಲ್ಲಿದೆ, ಅವರ ಹೆಸರಿನಲ್ಲೇ.

ಮೊನ್ನೆ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ಫಾರ್ಮ್ ಕೊಟ್ಟರು. ಯಾವ ಊರಲ್ಲಿ ಕೆಲಸ ಬೇಕು ಎಂಬ ಕಾಲಂ ಬಿಟ್ಟು ಉಳಿದದ್ದೆಲ್ಲ ತುಂಬಿದ್ದೇನೆ.