ಕಂಡಷ್ಟೇ ಬರೆದ ಟೇಲರ್ ಸಾಹೇಬರು

ಲಿಂಗಸುಗೂರಿನಿಂದ ಮಸ್ಕಿ ಹಾದು ಸಿಂಧನೂರಿಗೆ ಬಸ್ಸಿನಲ್ಲಿ ಹೋಗುವವರಿಗೆ ಕಿಟಕಿಯಾಚೆ ಕಾಣುವುದು ಗುಡ್ಡ, ಬಂಡೆ, ಹೊಲ. ಇದರಲ್ಲಿ ನೋಡೋದೇನಿದೆ ಎಂದು ನಿದ್ದೆಗೆ ಜಾರುವವರೇ ಬಹಳ. ಆದರೆ ಕೃಷ್ಣೆಯ ಆಚೆ ದಂಡೆಯಲ್ಲಿ, ಇಂಥದೇ ಕಲ್ಲುನೆಲವನ್ನು ನೂರೈವತ್ತು ವರ್ಷಕ್ಕೂ ಹಿಂದೆ ಕಣ್ಣಿಟ್ಟು ನೋಡಿ ಚಿತ್ರ ಬರೆದಿಟ್ಟವರೊಬ್ಬರಿದ್ದರು. ಅವರೇ ಸುರಪುರದ ಟೇಲರ್ ಸಾಹೇಬರು, ಫಿಲಿಪ್ ಮೆಡೋಸ್ ಟೇಲರ್.

ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಮೀಸೆ ಮೂಡುವ ಮೊದಲೇ, 1824ರಲ್ಲಿ, ವ್ಯಾಪಾರಿಯೊಬ್ಬರ ಬಳಿ ದುಡಿಯಲು ಮುಂಬಯಿಗೆ ಬಂದರು. ಬಂದು ನೋಡಿದರೆ ಆ ವ್ಯಾಪಾರವೇ ಕುಸಿದಿತ್ತು. ಅದೇ ವರ್ಷ ನಿಜಾಮರ ದಂಡು ಸೇರಿದರು. ಭಾಷೆ, ಮೋಜಣಿ ಎಲ್ಲ ದುಡಿಯುತ್ತಲೇ ಕಲಿತದ್ದು.

ಅವರು ಬರೆದ ದಖನ್ನಿನ ಚಿತ್ರಗಳು 1837ರಲ್ಲಿ ಲಂಡನ್ನಿನಲ್ಲಿ ಕಲ್ಲಚ್ಚಿನ ಪುಸ್ತಕವಾಗಿ ಬಂದವು. ನುಣುಪು ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ನೀರು ಹಚ್ಚಿ, ಮಸಿ ಸವರಿದರೆ ಜಿಡ್ಡಿಗಷ್ಟೇ ಮಸಿ ಹತ್ತುತ್ತದೆ. ಅದರ ಮೇಲೆ ಕಾಗದ ಒತ್ತಿದರೆ ಚಿತ್ರ. ಇದೇ ಕಲ್ಲಚ್ಚು.

1841ರ ನಂತರ ಸುರಪುರದ ಆಡಳಿತ ಅವರ ಕೈಗೆ ಬಂತು. ಬಾಲಕ ರಾಜಾ ವೆಂಕಟಪ್ಪ ನಾಯಕರು ಬೆಳೆದದ್ದು ಅವರ ಕಣ್ಣೆದುರಿಗೇ. ಸಾಹೇಬರು ಪರದೇಶಿ ಸರ್ಕಾರದ ಹಿತ ಕಾಯಲು ಬಂದವರು ಎಂಬುದೂ ಖರೇ. ಆದರೆ ಬಿಡುವು ಸಿಕ್ಕಾಗ ಅವರು ಹುಡುಕಿಕೊಂಡು ಹೋದದ್ದು ರಾಜನಕೊಳ್ಳೂರು, ಜೇವರ್ಗಿ ಕಡೆಯ ಹಳೇ ಕಲ್ಲುಗೋರಿಗಳನ್ನು. ನಮ್ಮ ಮಂದಿ ಮೋರ್ಯರ ಮನಿ ಅನ್ನುವುದು ಇಂಥವನ್ನೇ.

ನಿಧಿ ಆಸೆಗೆ ಅಗೆಯುವವರು ಮಣ್ಣು ಎರಚಿ ಹೋಗುತ್ತಾರೆ. ಟೇಲರ್ ಹಾಗೆ ಮಾಡಲಿಲ್ಲ. ಹಗೇವನ್ನು ನಡುವೆ ಸೀಳಿ ಪಕ್ಕದಿಂದ ನೋಡಿದಂತೆ, ಮೇಲಿನ ಮಣ್ಣು, ಕಲ್ಲು, ಕೆಳಗಿನ ಎಲುಬು, ಮಡಿಕೆ, ಯಾವುದು ಎಲ್ಲಿತ್ತೋ ಅಲ್ಲೇ ಬರೆದರು. ಠಗ್ಗರ ಮೇಲೆ 1839ರಲ್ಲಿ ಕಾದಂಬರಿ ಬರೆದು ಹೆಸರಾದ ಮನುಷ್ಯ. ಬಣ್ಣ ಕಟ್ಟುವುದು ಗೊತ್ತಿರಲಿಲ್ಲ ಎಂದಲ್ಲ. ಇಲ್ಲಿ ಕೈ ಬಿಗಿಹಿಡಿದರು.

ಅದನ್ನು ಕಲಿಸಿದ್ದು ಈ ನೆಲವೇ ಎನ್ನಬೇಕು. ಈ ಗೋರಿಗಳಿಗೆ ಶಾಸನವಿಲ್ಲ, ಶಿಲ್ಪವಿಲ್ಲ. ಯಾವ ವಸ್ತು ಯಾವ ಜಾಗದಲ್ಲಿದೆ ಎಂಬುದೇ ಅವುಗಳ ಮಾತು. ಜಾಗ ತಪ್ಪಿಸಿ ಬರೆದರೆ ಆ ಮಾತೂ ಹೋಯಿತು.

ಆ ಚಿತ್ರಗಳು 1860ರ ದಶಕದಲ್ಲಿ ಡಬ್ಲಿನ್ನಿನಲ್ಲಿ ಅಚ್ಚಾದವು. 1940ರ ದಶಕದಲ್ಲಿ ಭಾರತದ ಪುರಾತತ್ವ ಇಲಾಖೆ ನಡೆಸಿದ ಮಾರ್ಟಿಮರ್ ವೀಲರ್ ಅಂಥವರೇ ಮುಂದೆ ಅವನ್ನು ಮೆಚ್ಚಿ ತಮ್ಮ ಪುಸ್ತಕದಲ್ಲಿ ಹಾಕಿಕೊಂಡರು. 1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಅಗೆಸಿದಾಗಲೂ ಮಣ್ಣಿನ ಪದರ ಪದರ ಓದುವ ಇದೇ ಕ್ರಮ. ಅಲ್ಲಿಯೂ ಅದೇ ಕಾಲದ ಗೋರಿಗಳು ಸಿಕ್ಕವು.

ಟೇಲರ್ 1860ರಲ್ಲಿ ಊರಿಗೆ ಮರಳಿದರು. ಕೊನೆಗಾಲಕ್ಕೆ ಕಣ್ಣೇ ಹೋದವು. 1876ರಲ್ಲಿ ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡರು. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಉಳಿದಿದೆ.

ಹೊಲದ ಒಡ್ಡಿಗೆ, ಮನೆಯ ತಳಪಾಯಕ್ಕೆ ಎಂದು ಒಮ್ಮೆ ಕಲ್ಲು ಎತ್ತಿದರೆ ಗೋರಿ ಮತ್ತೆ ಕೂಡುವುದಿಲ್ಲ. ಚಿತ್ರ ಬರೆಯಲು ಎಲ್ಲ ಕಡೆಗೂ ಒಬ್ಬ ಟೇಲರ್ ಬರುವುದಿಲ್ಲ. ಎತ್ತುವ ಮೊದಲು ಒಂದು ಸಲ ನೋಡಿದರೆ ನಷ್ಟವೇನಿಲ್ಲ.