ದೇಶಸೇವಕ ದಿವಂಗತ ಜೋಕಿಂ ಆಳ್ವರು

ಭಾನುವಾರದ ಪೂಜೆಗೂ ಉಳಿದ ಆರು ದಿನಗಳ ಬಾಳಿಗೂ ಹೊಂದಿಕೆಯಿರಬೇಕೆಂದು ಬಯಸುವ ತಂದೆಯಂದಿರು ಆಳ್ವರ ಜೀವನವನ್ನು ಅರಿಯಬೇಕೆಂದು ನಾವು ಭಾವಿಸುತ್ತೇವೆ.

೧೯೦೭ರ ಜನವರಿ ೨೧ರಂದು ಉಡುಪಿ ಬಳಿಯ ಬೆಳ್ಳೆಯ ಕಥೋಲಿಕ ಮನೆತನದಲ್ಲಿ ಜನಿಸಿದ ಅವರು ಮುಂಬಯಿಯಲ್ಲಿ ವಕೀಲರಾದರು. ಅನೇಕ ಕ್ರೈಸ್ತರು ಸ್ವಾತಂತ್ರ್ಯ ಚಳವಳಿಗೆ ಹಿಂಜರಿಯುತ್ತಿದ್ದ ಕಾಲದಲ್ಲಿ, ದೇಶಭಕ್ತಿಯು ವಿಶ್ವಾಸಕ್ಕೆ ವಿರೋಧವಲ್ಲವೆಂದು ಸಾರಿ ಸೆರೆಮನೆ ಸೇರಿದರು. ೧೯೩೭ರಲ್ಲಿ ಪ್ರೊಟೆಸ್ಟಂಟ್ ಪಾದ್ರಿಯೊಬ್ಬರ ಪುತ್ರಿ ವಯೊಲೆಟ್ ಹರಿಯವರ ಕೈಹಿಡಿದರು. ೧೯೪೩ರಲ್ಲಿ ದಂಪತಿಗಳು ‘ಫೋರಂ’ ವಾರಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ವಯೊಲೆಟ್ಟರು ಐದು ತಿಂಗಳ ಕೂಸನ್ನೆತ್ತಿಕೊಂಡೇ ಆರ್ಥರ್ ರಸ್ತೆಯ ಸೆರೆಮನೆಗೆ ಹೋಗಬೇಕಾಯಿತು. ಮಡದಿ ಮಕ್ಕಳಿಗೆ ಇಂತಹ ಸಂಕಟ ಒದಗಿದರೂ ಆಳ್ವರು ಹಿಡಿದ ದಾರಿಯನ್ನು ಬಿಡಲಿಲ್ಲ.

೧೯೫೨ರಲ್ಲಿ ಅವರು ಕೆನರಾ ಕ್ಷೇತ್ರದಿಂದ ಲೋಕಸಭೆಗೂ, ವಯೊಲೆಟ್ಟರು ರಾಜ್ಯಸಭೆಗೂ ಆಯ್ಕೆಯಾಗಿ, ಸಂಸತ್ತಿನ ಪ್ರಥಮ ದಂಪತಿಗಳೆನಿಸಿದರು. ಆಗ ಉತ್ತರ ಕನ್ನಡವೂ ನಮ್ಮ ಮುಧೋಳವೂ ಮುಂಬಯಿ ರಾಜ್ಯದಲ್ಲಿಯೇ ಇದ್ದವು. ೧೯೫೬ರಲ್ಲಿ ಎರಡೂ ಮೈಸೂರು ರಾಜ್ಯಕ್ಕೆ ಸೇರಿದವು. ಆಳ್ವರು ಮೂರು ಅವಧಿ ಲೋಕಸಭೆಯ ಸದಸ್ಯರಾಗಿದ್ದರು.

೧೯೬೯ರಲ್ಲಿ ಪತ್ನಿಯನ್ನು ಕಳೆದುಕೊಂಡ ಆಳ್ವರು ೧೯೭೯ರ ಜೂನ್ ೨೮ರಂದು ದೈವಾಧೀನರಾದರು. ೨೦೦೮ರಲ್ಲಿ ಭಾರತೀಯ ಅಂಚೆ ಇಲಾಖೆಯು ಇಬ್ಬರನ್ನೂ ಒಂದೇ ಚೀಟಿಯಲ್ಲಿ ಸ್ಮರಿಸಿತು. ಸಂಸಾರವನ್ನೂ ಸೇವೆಯನ್ನೂ ಬೇರ್ಪಡಿಸದೆ ಬಾಳಿದ ಈ ದಂಪತಿಗಳ ಮಾದರಿ ನಮ್ಮ ಕುಟುಂಬಗಳಿಗೆ ದಾರಿದೀಪವಾಗಲೆಂದು ಪ್ರಾರ್ಥಿಸುತ್ತೇವೆ.